ನಿಮ್ಮ ವಿಂಡೋ ನಿಮ್ಮ ಕೈಯಲ್ಲಿರಲಿ
(ಲಂಡನ್ನಿನ ಕನ್ನಡ ಕೆಲಸಗಾರರಿಗಾಗಿ ನಡೆದ ಭಾನುವಾರದ ಕಂಪ್ಯೂಟರ್ ತರಗತಿಯಲ್ಲಿ ಆಡಿದ ಮಾತಿನ ಬರಹರೂಪ)



ರಾತ್ರಿ ಪಾಳಿ ಮುಗಿಸಿ ನಿದ್ದೆ ಬಿಟ್ಟು ಬಂದವರು ಇಲ್ಲಿದ್ದೀರಿ. ಕೇರ್ ಹೋಮಿನಲ್ಲಿ ಕೆಲಸ ಮಾಡುವವರು, ಹೀಥ್ರೂ ಸುತ್ತಮುತ್ತಲ ಗೋದಾಮುಗಳವರು, ಹೋಟೆಲ್ ಅಡುಗೆಮನೆಯವರು, ಸಂಗಾತಿಯ ವೀಸಾದ ಮೇಲೆ ಬಂದು ಈಗ ಕೆಲಸ ಹುಡುಕುತ್ತಿರುವವರು, ಎಲ್ಲರೂ ಇದ್ದೀರಿ. ಹಾಗಾಗಿ ನಿಮ್ಮ ಸಮಯ ಹಾಳು ಮಾಡದೆ ನೇರವಾಗಿ ವಿಷಯಕ್ಕೆ ಬರ್ತೀನಿ. ಕಂಪ್ಯೂಟರಿನಲ್ಲಿ ನಾಲ್ಕೈದು ವಿಂಡೋ ಒಟ್ಟಿಗೆ ತೆರೆದುಕೊಂಡಾಗ ಮೌಸ್ ಹಿಡಿದು ಪರದಾಡದೆ, ಕೀಬೋರ್ಡ್‌ನಿಂದಲೇ ಅವನ್ನು ಹೇಗೆ ನಿಭಾಯಿಸಬೇಕು ಅನ್ನೋದು ಇವತ್ತಿನ ಪಾಠ.

"ನಮಗ್ಯಾಕೆ ಇದು? ಎಲ್ಲ ಫೋನಿನಲ್ಲೇ ಆಗುತ್ತಲ್ಲ" ಅಂತ ಕೇಳಬಹುದು. ಬಹಳಷ್ಟು ಕೆಲಸ ಆಗುತ್ತೆ, ನಿಜ. ಆದರೆ ಈ ದೇಶದಲ್ಲಿ ನಮ್ಮ ಮುಖ್ಯವಾದ ಕಾಗದಗಳೆಲ್ಲ ಈಗ ಕಾಗದದ ರೂಪದಲ್ಲಿ ಇಲ್ಲ. ಬಿಆರ್‌ಪಿ ಕಾರ್ಡ್‌ಗಳಲ್ಲಿ ಬಹುತೇಕ ಎಲ್ಲದರ ಅವಧಿ 2024ರ ಡಿಸೆಂಬರ್ 31ಕ್ಕೆ ಮುಗಿದುಹೋಯಿತು. ಆಮೇಲಿಂದ ಇ-ವೀಸಾ. ಹೊಸ ಕೆಲಸಕ್ಕೆ ಸೇರುವಾಗ, ಮನೆ ಬಾಡಿಗೆಗೆ ಹಿಡಿಯುವಾಗ, ನಮ್ಮ ಹಕ್ಕು ತೋರಿಸೋಕೆ ಯುಕೆವಿಐ ಖಾತೆಗೆ ಹೋಗಿ ಶೇರ್ ಕೋಡ್ ತೆಗೆಯಬೇಕು. ಉದ್ದದ ಅರ್ಜಿ ತುಂಬುವಾಗ, ಪೇಸ್ಲಿಪ್ ಮತ್ತು ರೋಟಾ ಹೋಲಿಸುವಾಗ, ಕೆಲಸದ ಜಾಗದಲ್ಲಿ ದಾಖಲೆ ಬರೆಯುವಾಗ ದೊಡ್ಡ ಪರದೆಯೇ ಬೇಕಾಗುತ್ತೆ.

ಅಲ್ಲೇ ಒಂದು ಅಪಾಯವೂ ಇದೆ. ತೆರೆದ ವಿಂಡೋಗಳ ನಡುವೆ ದಾರಿ ತಪ್ಪಿ ಗಾಬರಿಯಾದವರು ಏನು ಮಾಡ್ತಾರೆ? "ಅಣ್ಣಾ, ನೀನೇ ಮಾಡಿಕೊಡು" ಅಂತ ಪಾಸ್‌ಪೋರ್ಟ್ ನಂಬರ್, ಜನ್ಮದಿನಾಂಕ, ಫೋನಿಗೆ ಬಂದ ಕೋಡ್ ಎಲ್ಲವನ್ನೂ ಇನ್ನೊಬ್ಬರ ಕೈಗೆ ಕೊಡ್ತಾರೆ. ಆ ಇನ್ನೊಬ್ಬರು ಒಳ್ಳೆಯವರಾದರೆ ಸರಿ. ಅಲ್ಲದಿದ್ದರೆ ನಿಮ್ಮ ಇಡೀ ಬದುಕಿನ ಕೀಲಿಕೈ ಅವರ ಜೇಬಿನಲ್ಲಿ. ಇಲ್ಲಿ ವಲಸೆ ವಿಚಾರದಲ್ಲಿ ಸಲಹೆ ಕೊಡುವವರು ಸಾಲಿಸಿಟರ್‌ರಂತೆ ಮಾನ್ಯತೆ ಪಡೆದವರಾಗಿರಬೇಕು, ಇಲ್ಲವೇ ಇಮಿಗ್ರೇಷನ್ ಅಡ್ವೈಸ್ ಅಥಾರಿಟಿಯಲ್ಲಿ ನೋಂದಾಯಿಸಿರಬೇಕು. ಇಲ್ಲದಿದ್ದರೆ ಅದು ಅಪರಾಧ. ಆದ್ದರಿಂದ ಇವತ್ತು ಕಲಿಯುವುದು ಬರೀ ಬೇಗ ಕೆಲಸ ಮುಗಿಸೋಕೆ ಅಲ್ಲ. ನಿಮ್ಮ ಕೆಲಸವನ್ನು ನೀವೇ ಮಾಡಿಕೊಳ್ಳೋಕೆ.

ಮೇಜಿನ ಮೇಲಿನ ಕಡತಗಳು

ಮೊದಲು ವಿಂಡೋ ಅಂದರೆ ಏನು ಅಂತ ಮನಸ್ಸಿನಲ್ಲಿ ಕೂರಿಸಿಕೊಳ್ಳಿ. ಊರಿನ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರ ಮೇಜು ನೆನಪಿಸಿಕೊಳ್ಳಿ. ಪಹಣಿ ಕಡತ, ಅದರ ಮೇಲೆ ಪಿಂಚಣಿ ಕಡತ, ಅದರ ಮೇಲೆ ಜಾತಿ ಪ್ರಮಾಣಪತ್ರದ ಅರ್ಜಿ. ಮೇಲಿರುವುದು ಕಾಣುತ್ತೆ, ಕೆಳಗಿರುವುದು ಕಾಣಲ್ಲ. ಕಾಣಲಿಲ್ಲ ಅಂದ ಮಾತ್ರಕ್ಕೆ ಕಡತ ಕಳೆದುಹೋಗಿಲ್ಲ. ಕಂಪ್ಯೂಟರ್ ಪರದೆಯೂ ಅದೇ ಮೇಜು. ಒಂದೊಂದು ವಿಂಡೋ ಒಂದೊಂದು ಕಡತ.

ಬ್ರೌಸರ್ ಅನ್ನೋ ಕಡತದೊಳಗೆ ಮೇಲ್ಗಡೆ ಸಾಲಾಗಿ ಚೀಟಿಗಳಿರುತ್ತವಲ್ಲ, ಅವು ಟ್ಯಾಬ್‌ಗಳು. ವಿಂಡೋ ಬೇರೆ, ಟ್ಯಾಬ್ ಬೇರೆ. ಈ ಎರಡನ್ನೂ ಬೆರೆಸಿಕೊಂಡರೆ ಮುಂದೆ ಹೇಳೋದೆಲ್ಲ ಗೊಂದಲ. ವಿಂಡೋ ಕಡತ, ಟ್ಯಾಬ್ ಅದರೊಳಗಿನ ಹಾಳೆ. ಇಷ್ಟು ನೆನಪಿಟ್ಟುಕೊಳ್ಳಿ.

ಈಗ ಕೀಬೋರ್ಡ್ ನೋಡಿ. ಕೆಳಗಿನ ಸಾಲಿನ ಎಡಗಡೆ ಕಂಟ್ರೋಲ್, ನಾಲ್ಕು ಚೌಕದ ಗುರುತಿರುವ ವಿಂಡೋಸ್ ಕೀ, ಆಲ್ಟ್. ಲ್ಯಾಪ್‌ಟಾಪ್ ಆದರೆ ಮಧ್ಯೆ ಎಫ್ಎನ್ ಅಂತ ಇನ್ನೊಂದು ಇರಬಹುದು. ಆಲ್ಟ್ ಜೊತೆ ಟ್ಯಾಬ್ ಒತ್ತುವುದು ಬಹಳ ಹಳೆಯ ಪದ್ಧತಿ. ವಿಂಡೋಸ್ ಕೀ ಬಂದದ್ದು 1994ರಲ್ಲಿ, ಮೈಕ್ರೋಸಾಫ್ಟ್ ತಂದ ಒಂದು ಕೀಬೋರ್ಡ್ ಜೊತೆ. ಅಂದರೆ ಇಪ್ಪತ್ತು ವರ್ಷದ ಹಿಂದೆ ಊರಿನ ಕಂಪ್ಯೂಟರ್ ಸೆಂಟರಿನಲ್ಲಿ ನೀವು ಕಲಿತದ್ದರಲ್ಲಿ ಹೆಚ್ಚಿನದು ಇವತ್ತಿಗೂ ನಡೆಯುತ್ತೆ. ವಿಂಡೋಸ್ 10, 11 ಎರಡರಲ್ಲೂ ನಾನು ಹೇಳುವ ಕೀಗಳು ಒಂದೇ.

ಆಲ್ಟ್ ಮತ್ತು ಟ್ಯಾಬ್

ಒಂದೇ ಒಂದು ಶಾರ್ಟ್‌ಕಟ್ ಕಲಿತು ಮನೆಗೆ ಹೋಗ್ತೀನಿ ಅನ್ನುವವರು ಇದನ್ನು ಕಲಿಯಿರಿ. ಎಡಗೈ ಹೆಬ್ಬೆರಳಿನಿಂದ ಆಲ್ಟ್ ಒತ್ತಿ ಹಿಡಿಯಿರಿ. ಬಿಡಬೇಡಿ. ಈಗ ಟ್ಯಾಬ್ ಒಂದು ಸಲ ಒತ್ತಿ ಬಿಡಿ. ತೆರೆದಿರುವ ವಿಂಡೋಗಳೆಲ್ಲ ಪುಟ್ಟ ಪುಟ್ಟ ಚಿತ್ರವಾಗಿ ಸಾಲಾಗಿ ಬರುತ್ತವೆ. ಟ್ಯಾಬ್ ಮತ್ತೆ ಮತ್ತೆ ಒತ್ತಿದ ಹಾಗೆ ಒಂದೊಂದೇ ಮುಂದಕ್ಕೆ ಹೋಗುತ್ತೆ. ಬೇಕಾದದ್ದು ಬಂದ ತಕ್ಷಣ ಆಲ್ಟ್ ಬಿಡಿ. ಮುಂದೆ ಹೋಗಿಬಿಟ್ಟಿತು ಅಂದರೆ ಶಿಫ್ಟ್ ಕೂಡ ಹಿಡಿದು ಟ್ಯಾಬ್ ಒತ್ತಿ, ಹಿಂದಕ್ಕೆ ಬರುತ್ತೆ.

ಈ ಸಾಲಿಗೆ ಒಂದು ಕ್ರಮ ಇದೆ. ಕೊನೆಯದಾಗಿ ಯಾವುದನ್ನು ಬಳಸಿದ್ದಿರೋ ಅದು ಮೊದಲು. ಹಾಗಾಗಿ ಎರಡು ವಿಂಡೋ ನಡುವೆ ಓಡಾಡುವಾಗ ಹುಡುಕಬೇಕಾಗಿಲ್ಲ. ಆಲ್ಟ್ ಟ್ಯಾಬ್ ಒಂದು ಸಲ ಒತ್ತಿ ಬಿಟ್ಟರೆ ಹಿಂದಿನದು ಬರುತ್ತೆ, ಇನ್ನೊಂದು ಸಲ ಒತ್ತಿದರೆ ಇದು ಬರುತ್ತೆ.

ಶೇರ್ ಕೋಡ್ ಕೆಲಸವನ್ನೇ ತೆಗೆದುಕೊಳ್ಳಿ. ಗವ್ ಡಾಟ್ ಯುಕೆ ಪುಟದಲ್ಲಿ ವಿವರ ತುಂಬುತ್ತೀರಿ. ಭದ್ರತಾ ಕೋಡ್ ಕಳಿಸಿದ್ದೀವಿ, ಹಾಕಿ ಅನ್ನುತ್ತೆ. ಕೋಡ್ ಇಮೇಲಿಗೆ ಬಂದಿದೆ. ಬಹಳ ಜನ ಎಡವೋದು ಇಲ್ಲೇ. ಅದೇ ಪುಟದಲ್ಲಿ ಇಮೇಲ್ ತೆರೆಯೋಕೆ ಹೋಗ್ತಾರೆ, ಅರ್ಜಿ ಪುಟ ಹೋಯಿತು! ಮತ್ತೆ ಮೊದಲಿಂದ ಶುರು, ಇನ್ನೊಂದು ಹೊಸ ಕೋಡ್, ಹಳೆಯ ಕೋಡ್ ಹಾಕಿ ತಪ್ಪು ಅಂತ ಬೈಸಿಕೊಳ್ಳೋದು.

ಹೀಗೆ ಮಾಡಿ. ಅರ್ಜಿ ಪುಟವನ್ನು ಮುಟ್ಟಬೇಡಿ. ಕಂಟ್ರೋಲ್ ಜೊತೆ ಎನ್ ಒತ್ತಿ. ಹೊಸ ವಿಂಡೋ ಬರುತ್ತೆ. ಅದರಲ್ಲಿ ಇಮೇಲ್ ತೆರೆಯಿರಿ. ಕೋಡ್ ನೋಡಿಕೊಳ್ಳಿ. ಆಲ್ಟ್ ಟ್ಯಾಬ್ ಒಂದು ಸಲ, ಅರ್ಜಿ ಪುಟ ಹೇಗಿತ್ತೋ ಹಾಗೇ ಕಾದಿರುತ್ತೆ. ಕೋಡ್ ಹಾಕಿ. ಅಷ್ಟೇ.

ಕೊನೆಗೆ ಸಿಗುವ ಶೇರ್ ಕೋಡ್ ಒಂಬತ್ತು ಅಕ್ಷರ-ಅಂಕಿಯದು, 90 ದಿನ ನಡೆಯುತ್ತೆ. ಕೆಲಸಕ್ಕೆ ತೆಗೆದದ್ದು ಡಬ್ಲ್ಯು ಅಕ್ಷರದಿಂದ ಶುರುವಾಗುತ್ತೆ, ಬಾಡಿಗೆ ಮನೆಗೆ ತೆಗೆದದ್ದು ಆರ್ ಅಕ್ಷರದಿಂದ. ಮಾಲೀಕರಿಗೆ ಕೊಡಬೇಕಾದದ್ದು ಈ ಕೋಡ್ ಮತ್ತು ನಿಮ್ಮ ಜನ್ಮದಿನಾಂಕ, ಅಷ್ಟು ಮಾತ್ರ. ನಿಮ್ಮ ಖಾತೆಯೊಳಗೆ ಹೋಗುವ ಭದ್ರತಾ ಕೋಡ್ ಯಾರಿಗೂ ಕೊಡಬೇಕಾಗಿಲ್ಲ.

ವಿಂಡೋ ತುಂಬಾ ಜಾಸ್ತಿಯಾಗಿ ಸಾಲಿನಲ್ಲಿ ಗೊತ್ತಾಗ್ತಿಲ್ಲ ಅಂದರೆ ವಿಂಡೋಸ್ ಕೀ ಜೊತೆ ಟ್ಯಾಬ್ ಒತ್ತಿ. ಎಲ್ಲವೂ ಪರದೆ ತುಂಬ ಹರಡಿಕೊಳ್ಳುತ್ತವೆ. ಇದನ್ನು ಒತ್ತಿ ಹಿಡಿಯಬೇಕಾಗಿಲ್ಲ. ನಿಧಾನವಾಗಿ ಬಾಣದ ಕೀಗಳಿಂದ ಬೇಕಾದ್ದಕ್ಕೆ ಹೋಗಿ ಎಂಟರ್ ಒತ್ತಿ. ಬೆರಳು ಬೇಗ ಆಡದ ಹಿರಿಯರಿಗೆ ಇದೇ ಸುಲಭ.

ಟ್ಯಾಬ್‌ಗಳ ಒಳಗೆ

ಬ್ರೌಸರ್ ಒಳಗಿನ ಹಾಳೆಗಳಿಗೆ ಆಲ್ಟ್ ಬದಲು ಕಂಟ್ರೋಲ್. ಕಂಟ್ರೋಲ್ ಟ್ಯಾಬ್ ಒತ್ತಿದರೆ ಮುಂದಿನ ಹಾಳೆ. ಕಂಟ್ರೋಲ್ ಟಿ ಒತ್ತಿದರೆ ಹೊಸ ಹಾಳೆ. ಕಂಟ್ರೋಲ್ ಡಬ್ಲ್ಯು ಒತ್ತಿದರೆ ಈಗಿನ ಹಾಳೆ ಮುಚ್ಚುತ್ತೆ.

ಮುಚ್ಚಬಾರದ್ದನ್ನು ಮುಚ್ಚಿಬಿಟ್ಟರೆ? ಕಂಟ್ರೋಲ್, ಶಿಫ್ಟ್, ಟಿ ಮೂರನ್ನೂ ಒಟ್ಟಿಗೆ ಒತ್ತಿ. ಮುಚ್ಚಿದ ಹಾಳೆ ಎದ್ದು ಬರುತ್ತೆ. ಇನ್ನೊಂದು ಸಲ ಒತ್ತಿದರೆ ಅದಕ್ಕಿಂತ ಹಿಂದಿನದು. ಹಾಳೆ ಬರುತ್ತೆ ನಿಜ, ಆದರೆ ಅದರಲ್ಲಿ ತುಂಬಿದ ವಿವರ ಯಾವಾಗಲೂ ಇರಲ್ಲ. ಹಾಗಾಗಿ ಅರ್ಜಿಯಲ್ಲಿ ಉಳಿಸುವ ಬಟನ್ ಇದ್ದರೆ ಆಗಾಗ ಒತ್ತಿಕೊಳ್ಳಿ. ಈ ಮೂರು ಕೀಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಸ್ವಲ್ಪ ಹೊತ್ತಿಗೆ ಇವುಗಳ ಇನ್ನೊಂದು ಮುಖ ತೋರಿಸ್ತೀನಿ.

ಪಕ್ಕಪಕ್ಕ ಇಟ್ಟು ನೋಡಿ

ಎರಡು ವಿಂಡೋ ಒಂದೇ ಸಲ ಕಾಣಬೇಕು ಅಂದರೆ ವಿಂಡೋಸ್ ಕೀ ಹಿಡಿದು ಎಡ ಬಾಣ ಒತ್ತಿ. ಈಗಿನ ವಿಂಡೋ ಎಡ ಅರ್ಧಕ್ಕೆ ಅಂಟಿಕೊಳ್ಳುತ್ತೆ. ಉಳಿದವು ಬಲಗಡೆ ಚಿಕ್ಕದಾಗಿ ಕಾಣುತ್ತವೆ. ಬಾಣದಿಂದ ಒಂದನ್ನು ಆರಿಸಿ ಎಂಟರ್ ಒತ್ತಿದರೆ ಅದು ಬಲ ಅರ್ಧ ತುಂಬುತ್ತೆ. ಮತ್ತೆ ದೊಡ್ಡದು ಮಾಡೋಕೆ, ಪರದೆ ತುಂಬುವವರೆಗೆ ವಿಂಡೋಸ್ ಕೀ ಜೊತೆ ಮೇಲ್ಬಾಣ ಒತ್ತಿ.

ಇದರಿಂದ ಏನು ಲಾಭ? ಮನೆಮನೆಗೆ ಹೋಗಿ ಕೇರ್ ಕೆಲಸ ಮಾಡುವ ಅಕ್ಕಂದಿರು, ಅಣ್ಣಂದಿರು ಗಮನವಿಟ್ಟು ಕೇಳಿ. ಎಡಗಡೆ ರೋಟಾ ಇಡಿ, ಬಲಗಡೆ ಪೇಸ್ಲಿಪ್ ಇಡಿ. ಒಂದು ಮನೆಯಿಂದ ಇನ್ನೊಂದು ಮನೆಗೆ ಬಸ್ಸಿನಲ್ಲಿ ಹೋಗುವ ಸಮಯ ಕನಿಷ್ಠ ವೇತನದ ಲೆಕ್ಕದಲ್ಲಿ ಕೆಲಸದ ಸಮಯವೇ. ನಿಮ್ಮ ಮನೆಯಿಂದ ಮೊದಲ ಮನೆಗೆ ಹೋಗೋದು, ಕೊನೆಯ ಮನೆಯಿಂದ ನಿಮ್ಮ ಮನೆಗೆ ಬರೋದು ಇದರಲ್ಲಿ ಸೇರಲ್ಲ.

ಒಂದು ಲೆಕ್ಕ ಮಾಡೋಣ. ವಾರಕ್ಕೆ 30 ಗಂಟೆ ಮನೆಗಳಲ್ಲಿ ಕೆಲಸ, ಗಂಟೆಗೆ 13 ಪೌಂಡ್, ಒಟ್ಟು 390 ಪೌಂಡ್. ನೋಡೋಕೆ ಚೆನ್ನಾಗೇ ಇದೆ. ಆದರೆ ರೋಟಾ ನೋಡಿ. ದಿನಕ್ಕೆ ನಾಲ್ಕು ಸಲ 20 ನಿಮಿಷದ ಓಡಾಟ, ವಾರಕ್ಕೆ ಐದು ದಿನ. ಅದು 400 ನಿಮಿಷ, ಅಂದರೆ 6 ಗಂಟೆ 40 ನಿಮಿಷ. ಒಟ್ಟು ಕೆಲಸ 36 ಗಂಟೆ 40 ನಿಮಿಷ ಆಯಿತು. 390 ಪೌಂಡನ್ನು ಅದಕ್ಕೆ ಹಂಚಿದರೆ ಗಂಟೆಗೆ ಸುಮಾರು 10 ಪೌಂಡ್ 64 ಪೆನ್ಸ್. 21 ವರ್ಷ ತುಂಬಿದವರಿಗೆ 2025ರ ಏಪ್ರಿಲ್‌ನಿಂದ ಕನಿಷ್ಠ 12 ಪೌಂಡ್ 21 ಪೆನ್ಸ್ ಕೊಡಬೇಕು ಅಂತ ಕಾನೂನು ಇತ್ತು. ಆ ದರದಲ್ಲಿ ನೋಡಿದರೆ ವಾರಕ್ಕೆ 57 ಪೌಂಡ್‌ಗೂ ಜಾಸ್ತಿ ಖೋತಾ. ಈ ದರ ಪ್ರತಿ ಏಪ್ರಿಲ್‌ನಲ್ಲಿ ಬದಲಾಗುತ್ತೆ, ಲೆಕ್ಕ ಮಾಡುವ ದಿನ ಆವತ್ತಿನ ದರ ನೋಡಿಕೊಳ್ಳಿ. ಸ್ಪಾನ್ಸರ್ ವೀಸಾದವರಿಗೆ ಬೇರೆ ಕನಿಷ್ಠ ಸಂಬಳದ ನಿಯಮವೂ ಇದೆ.

ರೋಟಾ ಒಂದು ಕಡೆ, ಪೇಸ್ಲಿಪ್ ಇನ್ನೊಂದು ಕಡೆ ಬೇರೆ ಬೇರೆ ನೋಡಿದಾಗ ಈ ಖೋತಾ ಕಾಣಲ್ಲ. ಪಕ್ಕಪಕ್ಕ ಇಟ್ಟಾಗ ಕಾಣುತ್ತೆ. ಲೆಕ್ಕ ಹೊಂದದಿದ್ದರೆ ಏಕಾಸ್ ಸಹಾಯವಾಣಿ 0300 123 1100ಕ್ಕೆ ಫೋನ್ ಮಾಡಿ. ಸಲಹೆಗೆ ಶುಲ್ಕ ಇಲ್ಲ.

ಮರೆಮಾಡೋದು, ಮುಚ್ಚೋದು, ಹೊರಬರೋದು

ಈಗ ಇವತ್ತಿನ ಪಾಠದ ಮುಖ್ಯ ಮಾತಿಗೆ ಬಂದೆ. ಈ ಮೂರೂ ಒಂದೇ ಅಂದುಕೊಂಡವರು ಬಹಳ. ಮೂರೂ ಬೇರೆ.

ವಿಂಡೋಸ್ ಕೀ ಜೊತೆ ಡಿ ಒತ್ತಿದರೆ ಎಲ್ಲ ವಿಂಡೋ ಮಾಯವಾಗಿ ಖಾಲಿ ಪರದೆ ಕಾಣುತ್ತೆ. ಇನ್ನೊಂದು ಸಲ ಒತ್ತಿದರೆ ಎಲ್ಲ ವಾಪಸ್. ಇದು ಮರೆಮಾಡೋದು. ಕಡತದ ಮೇಲೆ ಬಟ್ಟೆ ಹೊದಿಸಿದ ಹಾಗೆ. ಯಾರಾದರೂ ಬಟ್ಟೆ ಎತ್ತಿದರೆ ಎಲ್ಲ ಕಾಣುತ್ತೆ.

ಆಲ್ಟ್ ಜೊತೆ ಎಫ್4 ಒತ್ತಿದರೆ ಮುಂದಿರುವ ವಿಂಡೋ ಮುಚ್ಚುತ್ತೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್ಎನ್ ಕೂಡ ಹಿಡಿಯಬೇಕು. ಯಾವ ವಿಂಡೋನೂ ಇಲ್ಲದ ಖಾಲಿ ಪರದೆಯ ಮೇಲೆ ಇದನ್ನೇ ಒತ್ತಿದರೆ ಕಂಪ್ಯೂಟರ್ ಆರಿಸಲೇ ಅಂತ ಕೇಳುತ್ತೆ. ಹೆದರಬೇಡಿ, ಎಸ್ಕೇಪ್ ಒತ್ತಿ. ಇದು ಮುಚ್ಚೋದು. ಕಡತವನ್ನು ಕಟ್ಟಿ ಕಪಾಟಿನಲ್ಲಿಟ್ಟ ಹಾಗೆ. ಕಪಾಟಿಗೆ ಬೀಗ ಹಾಕಿಲ್ಲ.

ಆಗ ಹೇಳಿದ ಕಂಟ್ರೋಲ್, ಶಿಫ್ಟ್, ಟಿ ಈಗ ನೆನಪಿಸಿಕೊಳ್ಳಿ. ನೀವು ಮುಚ್ಚಿದ ಹಾಳೆಯನ್ನು ಅದು ನಿಮಗೆ ಎಬ್ಬಿಸಿಕೊಡುತ್ತೆ ತಾನೆ? ನೀವು ಎದ್ದು ಹೋದ ಮೇಲೆ ಅದೇ ಕುರ್ಚಿಯಲ್ಲಿ ಕೂತವರಿಗೂ ಎಬ್ಬಿಸಿಕೊಡಬಹುದು. ಪುಟದಿಂದ ನೀವು ಸೈನ್ ಔಟ್ ಮಾಡಿರದಿದ್ದರೆ ನಿಮ್ಮ ಇಮೇಲ್, ನಿಮ್ಮ ಬ್ಯಾಂಕ್, ನಿಮ್ಮ ವೀಸಾ ಖಾತೆ ಅವರ ಮುಂದೆ ತೆರೆದುಕೊಳ್ಳಬಹುದು. ಸೈನ್ ಔಟ್ ಅಂದರೆ ಬೀಗ ಹಾಕಿ ಕೀಲಿಕೈ ಜೇಬಿಗೆ ಹಾಕಿಕೊಳ್ಳೋದು.

ನಮ್ಮಲ್ಲಿ ಬಹಳ ಜನ ಸ್ವಂತ ಕಂಪ್ಯೂಟರ್ ಇಲ್ಲದವರು. ಈಸ್ಟ್ ಹ್ಯಾಮ್‌ನಲ್ಲೋ ಹೌನ್ಸ್‌ಲೋದಲ್ಲೋ ಹ್ಯಾರೋದಲ್ಲೋ ಲೈಬ್ರರಿಗೆ ಹೋಗ್ತೀರಿ, ಇಲ್ಲವೇ ಮನೆಯಲ್ಲಿ ಐದಾರು ಜನ ಸೇರಿ ಒಂದೇ ಲ್ಯಾಪ್‌ಟಾಪ್ ಬಳಸ್ತೀರಿ. ಅಂಥವರಿಗೆ ಒಂದು ಕ್ರಮ ಹೇಳ್ತೀನಿ.

ಕೂತ ತಕ್ಷಣ ಖಾಸಗಿ ವಿಂಡೋ ತೆರೆಯಿರಿ. ಕ್ರೋಮ್, ಎಡ್ಜ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎನ್. ಫೈರ್‌ಫಾಕ್ಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಪಿ. ಎಲ್ಲ ಖಾಸಗಿ ವಿಂಡೋಗಳನ್ನೂ ಮುಚ್ಚಿದ ಮೇಲೆ ನೀವು ನೋಡಿದ ಪುಟಗಳ ಪಟ್ಟಿ ಬ್ರೌಸರ್‌ನಲ್ಲಿ ಉಳಿಯಲ್ಲ. ಆದರೆ ಡೌನ್‌ಲೋಡ್ ಮಾಡಿದ ಕಡತ ಕಂಪ್ಯೂಟರಿನಲ್ಲೇ ಉಳಿಯುತ್ತೆ, ಅದನ್ನು ನೀವೇ ಅಳಿಸಬೇಕು. ಖಾಸಗಿ ವಿಂಡೋದಲ್ಲಿ ಮುಚ್ಚಿದ ಹಾಳೆಯನ್ನು ಎಬ್ಬಿಸುವ ಉಪಾಯವನ್ನು ನಂಬಿಕೊಳ್ಳಬೇಡಿ, ಅಲ್ಲಿ ಅದು ನಡೆಯದೆ ಇರಬಹುದು.

ಎದ್ದು ಹೋಗುವ ಮುಂಚೆ ಆಲ್ಟ್ ಟ್ಯಾಬ್ ಒತ್ತಿ ಏನೇನು ತೆರೆದಿದೆ ಎಣಿಸಿ. ಒಂದೊಂದಕ್ಕೂ ಹೋಗಿ ಸೈನ್ ಔಟ್ ಮಾಡಿ. ಆಮೇಲೆ ಆಲ್ಟ್ ಎಫ್4 ಒತ್ತಿ ಮುಚ್ಚಿ. ಕೊನೆಗೆ ಲೈಬ್ರರಿಯ ಲಾಗಿನ್‌ನಿಂದಲೂ ಹೊರಬನ್ನಿ. ಲೈಬ್ರರಿ ಕಂಪ್ಯೂಟರ್‌ಗಳಿಗೆ ಸಮಯದ ಮಿತಿ ಇರುತ್ತೆ, ಹಾಗಾಗಿ ಕೊನೆಯ ಐದು ನಿಮಿಷ ಇದಕ್ಕೇ ಮೀಸಲಿಡಿ. ಕೆಲವು ಕಡೆ ವಿಂಡೋಸ್ ಕೀಯನ್ನು ಬಂದ್ ಮಾಡಿರ್ತಾರೆ. ಅದು ಕೆಲಸ ಮಾಡದಿದ್ದರೆ ನಿಮ್ಮ ತಪ್ಪಲ್ಲ, ಅಲ್ಲಿನ ಸಿಬ್ಬಂದಿಯನ್ನು ಕೇಳಿ.

ಕೆಲಸದ ಜಾಗದಲ್ಲಿ ಬೀಗ

ಕೇರ್ ಹೋಮಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಒಬ್ಬ ಅಜ್ಜಿಯ ಔಷಧಿ ವಿವರ ಬರೀತಿರ್ತೀರಿ. ಆ ಕಡೆ ಕರೆಗಂಟೆ ಬಾರಿಸುತ್ತೆ. ಎದ್ದು ಓಡ್ತೀರಿ, ಓಡಲೇಬೇಕು. ಆದರೆ ಪರದೆ ತೆರೆದೇ ಇದೆ. ಅಜ್ಜಿಯ ಕಾಯಿಲೆ, ಮನೆಯವರ ಫೋನ್ ನಂಬರ್ ಎಲ್ಲ ದಾರಿಯಲ್ಲಿ ಹೋಗುವವರಿಗೆ ಕಾಣುತ್ತೆ. 2018ರ ಡೇಟಾ ಪ್ರೊಟೆಕ್ಷನ್ ಕಾಯ್ದೆ ಪ್ರಕಾರ ಆರೋಗ್ಯದ ವಿವರಕ್ಕೆ ಹೆಚ್ಚಿನ ರಕ್ಷಣೆ ಇದೆ. ಅಷ್ಟೇ ಅಲ್ಲ, ನಿಮ್ಮ ಹೆಸರಿನಲ್ಲಿ ತೆರೆದ ಪರದೆಯಲ್ಲಿ ಬೇರೆ ಯಾರೋ ಏನಾದರೂ ಬರೆದರೆ ಅದು ನೀವು ಬರೆದ ಹಾಗೇ ದಾಖಲಾಗುತ್ತೆ. ಆಮೇಲೆ ನಾನಲ್ಲ ಅಂತ ಸಾಬೀತು ಮಾಡೋದು ಕಷ್ಟ.

ಇದಕ್ಕೆ ಬೇಕಾದದ್ದು ಎರಡೇ ಬೆರಳು. ವಿಂಡೋಸ್ ಕೀ ಮತ್ತು ಎಲ್. ಪರದೆಗೆ ಬೀಗ ಬೀಳುತ್ತೆ. ಒಳಗೆ ತೆರೆದಿದ್ದು ಹಾಗೇ ಇರುತ್ತೆ, ವಾಪಸ್ ಬಂದು ಪಾಸ್‌ವರ್ಡ್ ಹಾಕಿದರೆ ಬಿಟ್ಟಲ್ಲಿಂದ ಮುಂದುವರಿಸಬಹುದು. ಕುರ್ಚಿಯಿಂದ ಏಳುವಾಗ ಬೆರಳು ತಾನಾಗೇ ಅಲ್ಲಿಗೆ ಹೋಗುವಷ್ಟು ಅಭ್ಯಾಸ ಮಾಡಿ. ಎಲ್ಲರೂ ಒಂದೇ ಪಾಸ್‌ವರ್ಡ್ ಬಳಸುವ ಕಂಪ್ಯೂಟರ್ ಆದರೆ ಈ ಬೀಗ ಸಾಲದು. ದಾಖಲೆ ಬರೆಯುವ ಪ್ರೋಗ್ರಾಂನಿಂದಲೇ ಸೈನ್ ಔಟ್ ಮಾಡಿ ಏಳಿ.

ಹೆದರಿಸುವ ವಿಂಡೋ

ಇದ್ದಕ್ಕಿದ್ದಂತೆ ಪರದೆ ತುಂಬ ಕೆಂಪು ಬಣ್ಣ, ಕಿರುಚುವ ಶಬ್ದ, "ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಮೈಕ್ರೋಸಾಫ್ಟ್‌ಗೆ ಈ ನಂಬರಿಗೆ ಫೋನ್ ಮಾಡಿ". ಮೌಸ್ ಅಲ್ಲಾಡಿಸಿದರೂ ಹೋಗಲ್ಲ. ಇದು ಮೋಸ. ಮೈಕ್ರೋಸಾಫ್ಟ್‌ನ ನಿಜವಾದ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರೋದೇ ಇಲ್ಲ.

ಫೋನ್ ಮಾಡಬೇಡಿ. ಎಸ್ಕೇಪ್ ಕೀಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ. ಆಮೇಲೆ ಆಲ್ಟ್ ಎಫ್4. ಅದಕ್ಕೂ ಬಗ್ಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತೆ. ಅದರಲ್ಲಿ ಬ್ರೌಸರ್ ಹೆಸರನ್ನು ಆರಿಸಿ ಎಂಡ್ ಟಾಸ್ಕ್ ಕೊಡಿ. ಮತ್ತೆ ಬ್ರೌಸರ್ ತೆರೆದಾಗ ಹಳೆಯ ಪುಟ ವಾಪಸ್ ತರಲೇ ಅಂತ ಕೇಳಿದರೆ ಬೇಡ ಅನ್ನಿ. ಈಗಾಗಲೇ ಫೋನ್ ಮಾಡಿ ಬ್ಯಾಂಕ್ ವಿವರ ಕೊಟ್ಟಿದ್ದರೆ ನಾಚಿಕೆಪಟ್ಟು ಸುಮ್ಮನೆ ಕೂರಬೇಡಿ. ತಕ್ಷಣ 159ಕ್ಕೆ ಫೋನ್ ಮಾಡಿ, ಇಲ್ಲಿನ ಮುಖ್ಯ ಬ್ಯಾಂಕುಗಳಿಗೆ ಅಲ್ಲಿಂದ ಜೋಡಿಸಿಕೊಡ್ತಾರೆ.

ಎರಡು ಸಣ್ಣ ಮಾತು

ಮ್ಯಾಕ್ ಇರುವವರಿಗೆ ಆಲ್ಟ್ ಬದಲು ಕಮಾಂಡ್ ಕೀ. ಕಮಾಂಡ್ ಟ್ಯಾಬ್ ಒತ್ತಿದರೆ ಬೇರೆ ಪ್ರೋಗ್ರಾಂ, ಕಮಾಂಡ್ ಡಬ್ಲ್ಯು ಒತ್ತಿದರೆ ವಿಂಡೋ ಅಥವಾ ಹಾಳೆ ಮುಚ್ಚುತ್ತೆ, ಕಮಾಂಡ್ ಕ್ಯೂ ಒತ್ತಿದರೆ ಪ್ರೋಗ್ರಾಂ ಪೂರ್ತಿ ಮುಚ್ಚುತ್ತೆ. ಬೀಗಕ್ಕೆ ಕಂಟ್ರೋಲ್, ಕಮಾಂಡ್, ಕ್ಯೂ.

ಇನ್ನೊಂದು, ಇಲ್ಲಿನ ಬ್ರಿಟಿಷ್ ಕೀಬೋರ್ಡ್ ನಮ್ಮೂರಿನದರ ಹಾಗಲ್ಲ. ಊರಲ್ಲಿ ಶಿಫ್ಟ್ 2 ಒತ್ತಿದರೆ ಇಮೇಲಿನ ಅಟ್ ಗುರುತು ಬರುತ್ತಿತ್ತು. ಇಲ್ಲಿ ಉದ್ಧರಣ ಚಿಹ್ನೆ ಬರುತ್ತೆ. ಅಟ್ ಗುರುತಿಗೆ ಎಲ್ ಕೀಯಿಂದ ಬಲಕ್ಕೆ ಎರಡನೆಯ ಕೀಯನ್ನು ಶಿಫ್ಟ್ ಜೊತೆ ಒತ್ತಬೇಕು. ಪಾಸ್‌ವರ್ಡಿನಲ್ಲಿ ಆ ಗುರುತಿದ್ದರೆ ಚುಕ್ಕಿ ಮಾತ್ರ ಕಾಣುವುದರಿಂದ ತಪ್ಪು ಗೊತ್ತೇ ಆಗಲ್ಲ. ಪಾಸ್‌ವರ್ಡ್ ತಪ್ಪು ಅಂತ ಮತ್ತೆ ಮತ್ತೆ ಹೇಳಿದರೆ ಮೊದಲು ಇದನ್ನು ನೋಡಿ.

ಈ ವಾರದ ಅಭ್ಯಾಸ

ಎಲ್ಲವನ್ನೂ ಒಂದೇ ದಿನ ಕಲಿಯೋಕೆ ಹೋಗಬೇಡಿ. ಈ ವಾರ ಮೂರು ಮಾತ್ರ.

1. ಒಂದರಿಂದ ಇನ್ನೊಂದಕ್ಕೆ ಹೋಗೋಕೆ: ಆಲ್ಟ್ + ಟ್ಯಾಬ್.
2. ಪಕ್ಕಪಕ್ಕ ಇಟ್ಟು ನೋಡೋಕೆ: ವಿಂಡೋಸ್ ಕೀ + ಎಡ ಬಾಣ.
3. ಏಳುವಾಗ ಬೀಗ ಹಾಕೋಕೆ: ವಿಂಡೋಸ್ ಕೀ + ಎಲ್.

ಮುಂದಿನ ಭಾನುವಾರ ಬರುವಾಗ ನಿಮ್ಮ ಕಳೆದ ತಿಂಗಳ ಪೇಸ್ಲಿಪ್ ಮತ್ತು ರೋಟಾ ತನ್ನಿ. ಇಲ್ಲಿನ ಕಂಪ್ಯೂಟರಿನಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ನಿಮ್ಮ ಕೈಯಿಂದಲೇ ಲೆಕ್ಕ ಮಾಡಿಸ್ತೀವಿ. ಎದ್ದು ಹೋಗುವಾಗ ಸೈನ್ ಔಟ್ ಮಾಡಿ ಹೋಗೋದನ್ನು ಮಾತ್ರ ಮರೀಬೇಡಿ.